ಎಡಗೈ

ವಾರವೆಲ್ಲ ಕಂಡವರ ಸಿಂಕುಗಳ ಕೆಳಗೆ
ಕುಕ್ಕರಗಾಲಲ್ಲಿ ಕೂರುವ ಕೊಳಾಯಿಯವನು ನಾನು.
ಶನಿವಾರ ಹೋಮ್ ಪ್ಲೇಟಿನ ಹಿಂದೆ
ಅದೇ ಭಂಗಿ, ಮುಖಕ್ಕೊಂದು ಕಬ್ಬಿಣದ ಜಾಳಿಗೆ.
ಮಂಡಿಗಳಿಗೆ ಈ ವ್ಯತ್ಯಾಸ ತಿಳಿಯದು.

ಅಕ್ಟೋಬರಿನಲ್ಲಿ ಬಂದ ಟೋಬಿನ್ ಹ್ರುಸ್ಕಾ,
ನೆಬ್ರಾಸ್ಕದ ಜೋಳದ ಸೀಮೆಯವನು,
ಎರಡು ಚೀಲ, ಒಂದು ಬಲಗೈ.
ಅಲ್ಲಿಯ ತಂಡವೊಂದು ಸಾಕು ಅಂದಿತ್ತಂತೆ.
ಇಲ್ಲಿ ಫ್ರೀಮ್ಯಾಂಟಲಿನ ನಮ್ಮ ಕ್ಲಬ್ಬು
ಸಾಸೇಜು ಸುಟ್ಟು ಮಾರಿ ಕೂಡಿಟ್ಟ ಕಾಸಲ್ಲಿ
ಅವನ ಟಿಕೆಟ್ಟು ಕೊಂಡಿತ್ತು.
ಸ್ಕೋರು ಬರೆಯುವ ಮರ್ಲ್ ಡನ್‌ಸ್ಟನ್ ಮನೆಯ ಹಿಂಗೋಣೆ,
ವಾರಕ್ಕೆ ನಾಲ್ಕು ದಿನ ಬೇಲಿ ಕಟ್ಟುವ ಕೂಲಿ,
ಬುಧವಾರ ಸಂಜೆ ಚಿಳ್ಳೆಪಿಳ್ಳೆಗಳಿಗೆ ಎಸೆತದ ಪಾಠ.

ಮೊದಲ ದಿನವೇ ಗೊತ್ತಾಯಿತು.
ಚೆಂಡು ಬರಲಿಲ್ಲ, ಬಂದಾಗಿತ್ತು.
ಗವಸಿನೊಳಗೆ ಯಾರೋ ಸಿಟ್ಟಿನಿಂದ ಕದ ಬಡಿದ ಸದ್ದು.
ಮೈದಾನದ ನಟ್ಟನಡುವೆ, ಕ್ರಿಕೆಟ್ಟಿನವರ ಕಾಂಕ್ರೀಟ್ ಪಿಚ್ಚಿನ ಮೇಲೆ
ಹರಟುತ್ತಿದ್ದ ಗುಲಾಬಿ ಎದೆಯ ಗಿಳಿಗಳು
ಒಮ್ಮೆಗೇ ಎದ್ದವು.
ಆ ರಾತ್ರಿ ನನ್ನ ತೋರುಬೆರಳು
ಫೋರ್ಕು ಹಿಡಿಯಲು ಒಪ್ಪಲಿಲ್ಲ.
ಹೆಂಡತಿ ನಕ್ಕಳು: ನಲವತ್ತೊಂದಕ್ಕೆ ಹೊಸ ಪ್ರೀತಿ.

ಮಧ್ಯಾಹ್ನ ಮೂರಕ್ಕೆ ಕಡಲಿಂದ ಏರಿ ಬರುವ ಗಾಳಿಗೆ
ನಮ್ಮಲ್ಲಿ ಡಾಕ್ಟರು ಎಂದೇ ಹೆಸರು.
ಸೆಖೆಗೆ ಮದ್ದು, ಬಾಗುವ ಚೆಂಡಿಗೆ ಹಗೆ.
ಅವನು ಬಾಯಿತುಂಬ ಬೈದ,
ಆಮೇಲೆ ಆ ಗಾಳಿಗೇ ಭುಜ ಆನಿಸಿ ಎಸೆಯಲು ಕಲಿತ.
ಕ್ರಿಸ್‌ಮಸ್ಸಿಗೆ ನಲವತ್ತು ಡಿಗ್ರಿ.
ಫೋನೆತ್ತಿ ಹಿಡಿದು ಅಪ್ಪನಿಗೆ ಕಡಲು ತೋರಿಸಿದ.
ಅಪ್ಪ ಅತ್ತ ಟ್ರಕ್ಕಿನ ಗಾಜಿನ ಹಿಮ ಕೆರೆಯುತ್ತ
ಭುಜ ಹೇಗಿದೆ, ಅಂದ. ಅಷ್ಟೇ.

ಜನವರಿಯ ಎರಡನೇ ವಾರ ಸದ್ದು ಬದಲಾಯಿತು.
ಕದವಲ್ಲ ಈಗ,
ಯಾರೋ ಪುಸ್ತಕ ಮುಚ್ಚಿಟ್ಟಷ್ಟು.
ಬಿಯರಿನ ಲೋಟ ಎತ್ತಿ ಕೂಗುವವರಿಗೆ ಕೇಳಲಿಲ್ಲ,
ಮರ್ಲ್‌ಳ ಪೆನ್ಸಿಲಿಗೂ ಕೇಳಲಿಲ್ಲ.
ನನಗೆ ಕೇಳಿಸಿದ್ದು ಕಿವಿಯಲ್ಲಲ್ಲ.
ನಾನೇನೂ ಅನ್ನಲಿಲ್ಲ, ಅವನೂ.
ತೊಡೆಗಳ ನಡುವೆ ಒಂದು ಬೆರಳು ತೋರುತ್ತಿದ್ದ ಕಡೆ
ಎರಡು ತೋರತೊಡಗಿದೆ, ಮೂರು, ನಾಲ್ಕು:
ವೇಗ ಬೇಡ, ಬಾಗಿಸು,
ತಡಮಾಡು, ಸುಳ್ಳು ಹೇಳು.
ಮೊದಮೊದಲು ಒಲ್ಲೆನೆಂದು ತಲೆ ಕೊಡವಿದ.
ಆಮೇಲೆ ಅದನ್ನೂ ಬಿಟ್ಟ.
ಗೆದ್ದೆವು, ಆ ಮಾತು ಬೇರೆ. ಸಾಲಾಗಿ ಆರು ಪಂದ್ಯ.

ಮರ್ಲ್‌ಳ ಫ್ರೀಜರಿನಲ್ಲೊಂದು ಬಟಾಣಿ ಪೊಟ್ಟಣ,
ಅವನ ಭುಜದ ಮೇಲೆ ದಿನಾ ಕರಗಿ
ದಿನಾ ಮತ್ತೆ ಹೆಪ್ಪುಗಟ್ಟಿ ಕಲ್ಲಾದದ್ದು.
ಮೇಲೆ ಟೇಪು ಅಂಟಿಸಿ ಬರೆದಿದ್ದಳು, ಸ್ಕೋರುಪುಸ್ತಕದ ಅಕ್ಷರದಲ್ಲೇ:
ಹ್ರುಸ್ಕಾ. ಬೇಯಿಸಕೂಡದು.

ಫೆಬ್ರವರಿಯಲ್ಲಿ ಅಲ್ಲಿಂದ ಫೋನು.
ಆಟಗಾರರನ್ನು ಹುಡುಕುವ ಯಾವನೋ, ಬೆಳಗಿನ ಐದಕ್ಕೆ.
ಅವನಿಗಿನ್ನೂ ನಿನ್ನೆ.
ನೀನೇ ತಾನೆ ಹಿಡಿಯುವವನು? ವೇಗ ಉಳಿದಿದೆಯಾ?
ಹಾಸಿಗೆಯ ಅಂಚಲ್ಲಿ ಕೂತು ಎಡಗೈ ನೋಡಿಕೊಂಡೆ.
ಊತ ಇಳಿದು ಮೂರು ವಾರವಾಗಿತ್ತು.
ಕೈ ಹಿಡಿದ ಕಡೆಗೇ ಚೆಂಡು ಬರುತ್ತೆ, ಅಂದೆ.
ಸುಳ್ಳಲ್ಲ. ಕೇಳಿದ್ದಕ್ಕೆ ಉತ್ತರವೂ ಅಲ್ಲ.
ಆ ಕಡೆ ಪೆನ್ನು ಗೀಚಿದ ಸದ್ದು, ಥ್ಯಾಂಕ್ಸು.

ಹೊರಡುವ ದಿನ, ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲಿ
ಏನಂದೆ ಅವನಿಗೆ, ಎಂದು ಟೋಬಿನ್ ಕೇಳಲಿಲ್ಲ.
ಬಲಗೈ ಚಾಚಲೂ ಇಲ್ಲ.
ನನ್ನ ಎಡಗೈ ಎಳೆದುಕೊಂಡು
ಒಂದೊಂದೇ ಬೆರಳು ಮಡಿಸಿ ನೋಡಿದ,
ಸೋರುವ ನಲ್ಲಿಯನ್ನು ನಾನು ನೋಡುವ ಹಾಗೆ.
ತೋರುಬೆರಳು ಪೂರ್ತಿ ಮಡಿಯಲಿಲ್ಲ.
ಇದು ಅಕ್ಟೋಬರು, ಅಂದ.

ಈಗ ಜೂನು. ತಣ್ಣಗಿನ ಪೈಪು ತಿರುಗಿಸುವಾಗ ಆ ಗಿಣ್ಣು ನೋಯುತ್ತದೆ.
ನಿನ್ನೆ ಮರ್ಲ್ ಫೋನು ಮಾಡಿದ್ದಳು,
ಫ್ರೀಜರು ತೊಳೆಯುತ್ತಿದ್ದಳಂತೆ:
ಈ ಬಟಾಣಿ ಏನು ಮಾಡಲಿ?
ಇರಲಿ ಬಿಡು, ಅಂದೆ.
ಆಟ ಶುರುವಾಗಲು ಇನ್ನು ನಾಲ್ಕೇ ತಿಂಗಳು.